ಜಡ್ಡಿಗೆ ಬೀಳೂದಿದ್ರ ಪೆನ್ಶನ್ನಿಗಿಂತ ಮೊದಲ ಬೀಳ್ರಿ

ಸರಕಾರಿ ದವಾಖಾನ್ಯಾಗ ಕಂಪೌಂಡರ್ ಆದವಗ ನಗಲಿಕ್ಕೆ ನಾಟಕ-ಗೀಟಕ ಬೇಕಾಗೂದಿಲ್ಲ. ಬಾಗಲಕೋಟಿ ದವಾಖಾನ್ಯಾಗ ನಾ ಔಷಧ ಕಲಸತಿದ್ದ ಕಾಲದಾಗ, ಮುಂಜಾನೆ ಬಾಗಲಾ ತೆಗೆಯೂದರೊಳಗ ಏನರೆ ಒಂದು ಫಜೀತಿ ಕಟ್ಟಿ ಮ್ಯಾಲ ಬಂದು ಕುಂತಿರತಿತ್ತು. ಅದರಾಗೂ ಪೆನ್ಶನ್ ಹತ್ರ ಬಂದವರ ಫಜೀತಿ ಅಂದ್ರ ಕೇಳಬ್ಯಾಡ್ರಿ.

ಆಗಿನ ಕಾಯದೆ ಹಿಂಗಿತ್ತು. ನೌಕರಿಯೊಳಗ ಇರೂತನಕ ನೌಕರಂದು, ಅವನ ಹೆಂಡತಿ-ಮಕ್ಕಳದು ದೊಡ್ಡ ಜಡ್ಡಿನ ಖರ್ಚು, ಆಪರೇಶನ್ ಖರ್ಚು ಎಲ್ಲಾ ಸರಕಾರದ್ದು. ಪೆನ್ಶನ್ ಆತು ಅಂದ್ರ ಮರುದಿನದಿಂದ ನಮ್ಮ ಬಾಟ್ಲಿ ಔಷಧ ಅಷ್ಟ ಪುಕ್ಕಟೆ, ಉಳಿದದ್ದು ಅವರವರ ಕಿಸೇದ್ದು. ಅದಕ್ಕ ನಾ ಕಂಡಕಂಡವರಿಗೆ ಹೇಳತಿದ್ದೆ: "ಜಡ್ಡಿಗೆ ಬೀಳೂದಿದ್ರ ಪೆನ್ಶನ್ನಿಗಿಂತ ಮೊದಲ ಬೀಳ್ರಿ, ಮಾರಾಯ್ರ!" ಕೇಳತಿದ್ರೇನು? ನಮ್ಮ ಮಂದಿ ಉಪ್ಪಿನಕಾಯಿ ಹಾಕಿಟ್ಟಂಗ ಜಡ್ಡು ಕಾಯ್ದಿಟ್ಟು, ಪೆನ್ಶನ್ ಆದ ಮ್ಯಾಲ ಭರಣಿ ಬಾಯಿ ಬಿಚ್ಚತಿದ್ರು.

೧. ಜಮಾದಾರರ ಹಾರ

ಇಳಕಲ್ಲಿನವರು ಒಬ್ಬರು ಪೊಲೀಸ ಜಮಾದಾರ ಇದ್ರು. ಕಟ್ಟುಮಸ್ತ ಆಳು, ಹುರಿ ಮೀಸಿ. ಜಡ್ಡಿಗಂತ ಅವರು ರಜಾ ತಗೊಂಡದ್ದು ಯಾರೂ ಕಂಡಿದ್ದಿಲ್ಲ. ಒಂದಿನ ಮುಂಜಾನೆ ಕೊರಳಾಗ ಬಾಡಿದ ಹಾರ ಹಾಕ್ಕೊಂಡs ದವಾಖಾನಿಗೆ ಬಂದ್ರು. ಹಿಂದಿನ ಸಂಜಿ ಅವರ ಬೀಳ್ಕೊಡಿಗಿ ಆಗಿತ್ತು.

"ಕಂಪೌಂಡರ್ರ, ಈಗ ನಾ ಖುಲ್ಲಾ ಮನಶ್ಯಾ," ಅಂದ್ರು. "ಮೂಲವ್ಯಾಧಿ ಐತಿ, ಮೊಣಕಾಲ ಹಿಡದಾವ, ಹಲ್ಲು ಅಳ್ಳಾಡತಾವ. ನೌಕರ್ಯಾಗ ಇದ್ದಾಗ ಸರಕಾರಕ್ಕ ತ್ರಾಸ ಕೊಡಬಾರದಂತ ಎಲ್ಲಾ ಜಮಾ ಮಾಡಿಟ್ಟೇನಿ. ಈಗ ಒಂದೊಂದs ಆಪರೇಶನ್ ಮಾಡಿ ತಗೀರಿ."

ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಜಮಾದಾರ್ರ, ನಿನ್ನೆ ಬಂದಿದ್ರ ಸರಕಾರ ಮಾಡಸತಿತ್ರಿ. ಇವತ್ತಿನಿಂದ ನಿಮ್ಮ ರೊಕ್ಕ," ಅಂದೆ.

ಅವರ ಮೀಸಿ ಅಲ್ಲೇ ಕೆಳಗಿಳೀತು. ಹಾರ ತಗದು ಕಟ್ಟಿ ಮ್ಯಾಲ ಒಗದ್ರು.

"ನಿನ್ನೆ ಅಷ್ಟೂ ಮಂದಿ ಭಾಷಣಾ ಮಾಡಿದ್ರಲ್ಲೋ, ಒಬ್ಬರೆ ಈ ಮಾತು ಹೇಳಬಾರದಾ? ಶಾಲು ಹೊಚ್ಚಿದ್ರು, ಹಾರ ಹಾಕಿದ್ರು, ಕಡೀಕ ಕಾಣಿಕಿ ಅಂತ ಏನ ಕೊಟ್ರು ಗೊತ್ತೇನು? ಕುರ್ಚಿ! ನನಗ ಕೂಡ್ರೂದೊಂದs ಆಗೂದಿಲ್ಲ!"

೨. ಹಳೇ ವಿದ್ಯಾರ್ಥಿ

ಈ ಜಮಾದಾರರ ಪಾಡು ನೋಡಿ ನನಗ ನೆನಪಾದವರು ಬದಾಮಿ ಮಾಸ್ತರರು. ಮಂಗ್ಯಾಗಳ ಕಾಟದ ಆ ಬದಾಮ್ಯಾಗ ನೌಕರಿ ಇದ್ದಾಗ ನಾ ಅವರ ಮನಿ ಪಡಸಾಲಿ ಬಾಡಿಗಿ ಹಿಡದಿದ್ದೆ. ಬಾಡಿಗಿ ಅನ್ನೂದು ಹೆಸರಿಗೆ. ಮಾಸ್ತರರ ಹೆಂಡತಿ, ನಾವೆಲ್ಲಾ ಅವರಿಗೆ ಅವ್ವಾರು ಅಂತಿದ್ವಿ, ಎರಡೂ ಹೊತ್ತು ಕರದು ರೊಟ್ಟಿ ಹಾಕತಿದ್ರು. ಹೆತ್ತವ್ವ ಮಾಡಿದಷ್ಟು ಮಾಡ್ಯಾರ ನನಗ, ಸುಳ್ಳ ಯಾಕ ಹೇಳಲಿ.

ಆ ಅವ್ವಾರ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಮೋತಿಬಿಂದು. ಹುಬ್ಬಳ್ಳಿ ದೊಡ್ಡ ದವಾಖಾನ್ಯಾಗ ಆಪರೇಶನ್ ಆದ್ರ ಮಾತ್ರ ಕಣ್ಣು ಉಳಿಯೂವಂಥದು. ಮಾಸ್ತರರದು ಆ ತಿಂಗಳ ಕೊನಿಗೆ ಪೆನ್ಶನ್. ಅಷ್ಟರೊಳಗ ನಮ್ಮ ಡಾಕ್ಟರು ಚೀಟಿ ಬರದು ಕೊಟ್ರ ಆಪರೇಶನ್ ಸರಕಾರದ್ದು. ಇಲ್ಲಾಂದ್ರ ಸಾಲಿ ಮಾಸ್ತರನ ಪೆನ್ಶನ್ನಿನ್ಯಾಗ ಆಪರೇಶನ್ ಅಂತೂ ದೂರ, ಹುಬ್ಬಳ್ಳಿ ರೈಲ ಸೈತ ಹತ್ತೂದಾಗತಿದ್ದಿಲ್ಲ.

ಆದ್ರ ಅವ್ವಾರಿಗೆ ಕೇಳಿದ್ರ, "ನನಗೇನಾಗೇದಪಾ, ಎಲ್ಲಾ ಕಾಣತೈತಿ," ಅನ್ನವ್ರು. ಹೆಂಗ ಕಾಣತಿತ್ತು ಅಂದ್ರ, ಒಂದಿನ ಮಾಸ್ತರರು ಸಾಲಿಂದ ಬಂದಾಗ ಅವ್ವಾರು ಅಂದ್ರಂತ: "ನಿಮ್ಮ ಹಳೇ ವಿದ್ಯಾರ್ಥಿ ಒಬ್ಬಾಂವ ಬಂದಿದ್ದ. ಕಟ್ಟಿ ಮ್ಯಾಲ ಭಾಳ ಹೊತ್ತು ಕುಂತ. ಹಸದಿರಬೇಕಂತ ರೊಟ್ಟಿ-ಬೆಲ್ಲ ಕೊಟ್ಟೆ, ತಿಂದ."

"ಯಾರವ?" ಅಂತ ಮಾಸ್ತರರು.

"ಹೆಸರ ಹೇಳಲಿಲ್ಲ. ಭಾಳ ಸಣ್ಣಗಾಗ್ಯಾನ ಪಾಪ, ನಾಚಿಕಿ ಸ್ವಭಾವ. ತಲಿ ಕೆರಕೊಂತ ಕುಂತಿದ್ದ."

ಬದಾಮ್ಯಾಗ ಯಾರ ಮನಿ ಕಟ್ಟಿ ಮ್ಯಾಲ ಯಾರು ಬಂದು ಕುಂಡ್ರತಾರ ಅನ್ನೂದು ಮಾಸ್ತರರಿಗೆ ಗೊತ್ತಿರೂದಿಲ್ಲೇನು? ಮೆಲ್ಲಕ ಕೇಳಿದ್ರು: "ಹೋಗೂವಾಗ ನಮಸ್ಕಾರ ಮಾಡಿದ್ನೇನು?"

"ಇಲ್ಲರಿ. ಗೂಟದ ಮ್ಯಾಲಿನ ನಿಮ್ಮ ಟೊಪಿಗಿ ತಗೊಂಡು ಮಾಳಗಿ ಮ್ಯಾಲಿಂದ ಹೋದ."

೩. ಆರಾಮ

ಇನ್ನ ತಡಾ ಮಾಡಿದ್ರ ಕೆಲಸ ಕೆಡತೈತಿ ಅಂತ ನಾನs ಹಟಾ ಹಿಡದು ಇಬ್ಬರನ್ನೂ ಬಾಗಲಕೋಟಿಗೆ ಕರಸಿದೆ.

ರಾಜ್ಯ ಒಂದಾದ ಮ್ಯಾಲ ಆಗಷ್ಟ ಮೈಸೂರು ಕಡೆಯ ಡಾಕ್ಟರು ಒಬ್ಬರು ನಮ್ಮ ದವಾಖಾನಿಗೆ ಬಂದಿದ್ರು. ಚೊಲೋ ಮನಶ್ಯಾ. ಆದ್ರ ಅವರ ಕನ್ನಡ ನಮಗ ಪುಸ್ತಕ ಓದಿದಂಗ ಕೇಳಸತಿತ್ತು, ನಮ್ಮ ಕನ್ನಡ ಅವರಿಗೆ ಜಗಳ ಆಡಿದಂಗ ಕೇಳಸತಿತ್ತು.

ಅವ್ವಾರು ಒಳಗ ಹೋದ್ರು. ಡಾಕ್ಟರು ಭಾಳ ಮರ್ಯಾದಿಲೆ ಕೇಳಿದ್ರು: "ಹೇಗಿದ್ದೀರಮ್ಮಾ?"

"ಆರಾಮ ಅದೀನ್ರಿ," ಅಂದ್ರು ಅವ್ವಾರು.

"ಏನೂ ತೊಂದರೆ ಇಲ್ಲವೇ?"

"ದೇವರು ಚೊಲೋ ಇಟ್ಟಾನ್ರಿ. ನೀವು ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಆರಾಮ? ನಮ್ಮ ಕಡೆ ನೀರು ಒಗ್ಗಿತೇನ್ರಿ?"

ಡಾಕ್ಟರು ಅವರ ಮನಿ ಮಂದಿದು, ಊರಿಂದು, ನೀರಿಂದು ಎಲ್ಲಾ ಹೇಳಿ, ಕಡೀಕ ಕೈಮುಗದು ಕಳಿಸಿಬಿಟ್ರು. ನಾ ಓಡಿ ಒಳಗ ಹೋಗಿ, "ಚೀಟಿ ಎಲ್ಲೈತ್ರಿ ಸಾಹೇಬ್ರ?" ಅಂದೆ.

"ಯಾವ ಚೀಟಿ? ಅವರು ನನ್ನ ಆರೋಗ್ಯ ವಿಚಾರಿಸೋಕೆ ಬಂದಿದ್ದಲ್ಲವೇ?"

ಹೊರಗ ಬಂದು ಅವ್ವಾರ ಮ್ಯಾಲ ಸಿಟ್ಟಾದೆ. "ಕಣ್ಣು ಕಾಣಸೂದಿಲ್ಲ ಅಂತ ಹೇಳೂದಲ್ಲೇನ್ರೀ?" ಅವ್ವಾರು ನನಗs ತಿರುಗಿ ಬೈದ್ರು: "ಭೇಷ್! ಪರಊರಿನಿಂದ ಬಂದ ಮನಶ್ಯಾ, ಮೊದಲನೇ ಭೆಟ್ಟಿ. ಹೋದ ಕೂಡಲೇ ನನ್ನ ಗೋಳು ಹೇಳಕೊಂತ ಕುಂಡ್ರಲೇನು? ಪಾಪ, ಅವರಿಗೆ ಇಲ್ಲಿ ನೀರs ಒಗ್ಗಿಲ್ಲಂತ. ನೀನರೆ ಒಂದೀಟು ಔಷಧ ಕೊಡಬಾರದಾ?"

೪. ಔಡಲೆಣ್ಣಿ

ಇಬ್ಬರೂ ಅವತ್ತ ಸಂಜಿ ರೈಲಿಗೇ ಬದಾಮಿಗೆ ಹೊಳ್ಳಿದ್ರು. ಮರುದಿನ ಡಾಕ್ಟರಿಗೆ ಕುಂದ್ರಿಸಿ ತಿಳಿಸಿ ಹೇಳಿದೆ. "ಸಾಹೇಬ್ರ, ನಮ್ಮ ಕಡೆ ಆರಾಮ ಅಂದ್ರ ಆರಾಮ ಅಂತಲ್ರಿ. ಸಾಯಲಿಕ್ಕೆ ಬಿದ್ದಾಂವನೂ ಕೇಳಿದ್ರ ಮೊದಲ ಆರಾಮ ಅಂತಾನ. ನೀವು ಒಂದೀಟು ಕೆದರಿ ಕೇಳಬೇಕ್ರಿ."

ಡಾಕ್ಟರು ಗೋಣು ಹಾಕಿದ್ರು. ಅಷ್ಟಕ್ಕ ಬಿಟ್ಟಿದ್ರ ಚೊಲೋ ಇತ್ತು. ಅವರು ಮಾತು ಪೂರಾ ನಂಬಿಬಿಟ್ರು.

ಎರಡು ದಿನದಾಗ ಹುನಗುಂದ ಮಾಮಲೇದಾರ ಕಚೇರಿ ಹೆಡ್ ಕ್ಲಾರ್ಕರು ಮಗಳ ಲಗ್ನಪತ್ರಿಕಾ ಕೊಡಲಿಕ್ಕೆ ಬಂದ್ರು. ನಾ ಆಗ ಹಿಂದಿನ ಖೋಲ್ಯಾಗ ಬಾಟ್ಲಿ ತೊಳ್ಯಾಕತ್ತಿದ್ದೆ. ಡಾಕ್ಟರು "ಹೇಗಿದ್ದೀರಿ?" ಅಂದ್ರು. ಕ್ಲಾರ್ಕರು ಹಲ್ಲು ಕಿರದು, "ಆರಾಮ ಅದೀನ್ರಿ," ಅಂದ್ರು.

"ಅಯ್ಯೋ ಪಾಪ! ಯಾವಾಗಿನಿಂದ?"

"ಹಿಂಗs ಮೊದಲಿಂದ್ರಿ," ಅಂದ್ರು ಕ್ಲಾರ್ಕರು, ಏನೂ ತಿಳೀದs.

"ನಾಲಿಗೆ ತೋರಿಸಿ," ಅಂದ್ರು ಡಾಕ್ಟರು. ದೊಡ್ಡ ಮನಶ್ಯಾ ಹೇಳ್ಯಾನಂತ ಕ್ಲಾರ್ಕರು ತೋರಿಸಿದ್ರು. ಲಗ್ನದ ಮನಿ, ನಾಕು ದಿನದಿಂದ ಲಾಡು-ಬುಂದಿ ರುಚಿ ನೋಡಿ ನೋಡಿ ನಾಲಿಗಿ ಬೆಳ್ಳಗಾಗಿತ್ತು. "ಕಂಪೌಂಡರೇ, ಹರಳೆಣ್ಣೆ!" ಅಂತ ಕೂಗು ಬಂತು. ನಾ ಯಾರಿಗೋ ಏನೋ ಅಂತ ಗ್ಲಾಸಿನ ತುಂಬ ಔಡಲೆಣ್ಣಿ ತುಂಬಿ ಪರದೆ ಸಂದಿಯಿಂದ ಕೊಟ್ಟೆ.

ತಾಸಿನ ಮ್ಯಾಲ ಹೊರಗ ಬಂದು ನೋಡತೇನಿ, ಹುನಗುಂದದ ಹೆಡ್ ಕ್ಲಾರ್ಕರು ಹಿತ್ತಲಕ್ಕ ಓಡಾಡಿ ಓಡಾಡಿ ಬೆಂಚಿನ ಮ್ಯಾಲ ಒರಗ್ಯಾರ. ಕೋಟು ಒಂದು ಕಡೆ, ರುಮಾಲು ಒಂದು ಕಡೆ, ಲಗ್ನಪತ್ರಿಕಾ ಎದಿ ಮ್ಯಾಲ. ಡಾಕ್ಟರು ಅವರ ನಾಡಿ ಹಿಡಕೊಂಡು ಕಾಳಜೀಲೆ ಕೇಳಿದ್ರು: "ಈಗ ಹೇಗಿದೆ?"

ಕ್ಲಾರ್ಕರಿಗೆ ಮಾತು ಸೈತ ಹೊರಡವಲ್ಲದು. ಆದ್ರ ರೀತಿ ಬಿಡಲಿಕ್ಕಾಗತೈತೇನು? ಎರಡೂ ಕೈ ಜೋಡಿಸಿ, "ಆರಾಮ ಅದೀನ್ರಿ ಸಾಹೇಬ್ರ," ಅಂದ್ರು.

"ಕಂಪೌಂಡರೇ," ಅಂದ್ರು ಡಾಕ್ಟರು, "ಇನ್ನೊಂದು ಗ್ಲಾಸು!"

೫. ಪರೀಕ್ಷಾ

ಇದಾದ ಮ್ಯಾಲ ಡಾಕ್ಟರಿಗೆ ನಮ್ಮ ಬಾಯಿಮಾತಿನ ಮ್ಯಾಲ ನಂಬಿಗಿನ ಹೋತು. "ಇನ್ನು ಯಾರನ್ನೂ ಹೇಗಿದ್ದೀರಿ ಅಂತ ಕೇಳೋದಿಲ್ಲ. ಪರೀಕ್ಷೆ ಮಾಡ್ತೀನಿ, ಕಂಡಿದ್ದನ್ನು ಬರೀತೀನಿ," ಅಂದ್ರು. ನನಗ ಇದs ಬೇಕಾಗಿತ್ತು. ಮಾಸ್ತರರ ಪೆನ್ಶನ್ ಮುಂದಿನ ವಾರನ ಇತ್ತು. ಲಗುಬಗೀಲೆ ಬದಾಮಿಗೆ ಹೇಳಿ ಕಳಿಸಿದೆ: "ಸೋಮವಾರ ಅವ್ವಾರ ಕಣ್ಣಿನ ಪರೀಕ್ಷಾ ಐತಿ, ತಪ್ಪಸಬ್ಯಾಡ್ರಿ."

ಪರೀಕ್ಷಾ! ಸಾಲಿ ಮಾಸ್ತರರಿಗೆ ಹೇಳೂ ಮಾತೇನು ಅದು?

ಸೋಮವಾರ ಇಬ್ಬರೂ ಮುಂಜಾನಿ ರೈಲಿಗೇ ಬಂದ್ರು. ಅವ್ವಾರು ಬೇವಿನ ಗಿಡದ ಕೆಳಗ ಕುಂತ್ರು. ಮಾಸ್ತರರು ಒಳಗ ಬಂದು ಗ್ವಾಡಿಗೆ ತೂಗ ಹಾಕಿದ ಅಕ್ಷರದ ಪಟದ ಮುಂದ ನಿಂತು, "ಇದನ್ನs ಕೇಳತಾರೇನ್ರಿ?" ಅಂದ್ರು. ಹೌದಂದೆ. ಮ್ಯಾಲ ದೊಡ್ಡ ಅಕ್ಷರ, ಕೆಳಗ ಹೋದಂಗ ಸಣ್ಣ ಅಕ್ಷರ ಇದ್ದ ಪಟ ಅದು. ಅದನ್ನ ನೋಡಿಕೊಂಡು ಹೊರಗ ಹೋದ್ರು. ಆಮ್ಯಾಲ ಬೇವಿನ ಗಿಡದ ಕಡಿಂದ ಮಗ್ಗಿ ಒದರಿದಂಗ ಏನೋ ರಾಗ ಕೇಳಸತಿತ್ತು. ಮಂದಿ ಗದ್ದಲದಾಗ ನಾ ಅತ್ತ ಲಕ್ಷ ಕೊಡಲಿಲ್ಲ.

ಅವ್ವಾರ ಪಾಳಿ ಬಂತು. ಕೈ ಹಿಡದು ಕರಕೊಂಡು ಹೋಗಿ ಸ್ಟೂಲಿನ ಮ್ಯಾಲ ಕುಂದ್ರಿಸಿದೆ. ಡಾಕ್ಟರು ಅಂದ್ರು: "ಅಮ್ಮಾ, ಒಂದು ಕಣ್ಣು ಮುಚ್ಚಿ, ಎದುರಿಗಿರೋ ಅಕ್ಷರ ಓದಿ. ಓದೋಕೆ ಬರುತ್ತಾ?"

"ಇವತ್ತ ಕಲತೇನ್ರಿ," ಅಂದು ಅವ್ವಾರು ಸೆರಗು ಸರಿ ಮಾಡಿಕೊಂಡು ಶುರು ಹಚ್ಚಿದ್ರು.

"ಗs... ಟ, ರs... ಲ, ಮ, ನs..."

ಮಗ್ಗೀ ಧಾಟಿ! ಒಂದು ಅಕ್ಷರ ತಪ್ಪವಲ್ದು. ಬಾಗಲದ ಪರದೆ ಹಿಂದ ಮಾಸ್ತರರು ತೊಡಿ ಮ್ಯಾಲ ತಾಳ ಹಾಕಲಿಕ್ಕತ್ತಿದ್ರು. ನನಗೂ ಓದಲಿಕ್ಕೆ ಬಾರದ ಕಡೀ ಸಾಲು, ಇರಿವಿ ಕಾಲಿನಷ್ಟು ಸಣ್ಣ ಅಕ್ಷರ, ಅದನ್ನೂ ಅವ್ವಾರು ಠಣಠಣ ಹೇಳಿಬಿಟ್ರು.

ಡಾಕ್ಟರು ಬೆರಗಾದ್ರು. "ಈ ವಯಸ್ಸಿಗೆ ಇಂಥ ದೃಷ್ಟಿ ನಾನು ನೋಡೇ ಇಲ್ಲ. ಆಪರೇಷನ್ ಯಾಕೆ? ಪಟ ತೆಗೀರಿ ಕಂಪೌಂಡರೇ," ಅಂದು ಪೆನ್ನು ತಗೊಂಡ್ರು.

ಹೋತು, ಎಲ್ಲಾ ಹೋತು. ಇನ್ನ ನಾ ಹೇಳಿದ್ರೂ ಡಾಕ್ಟರು ಬಾಯಿಮಾತು ನಂಬೂದಿಲ್ಲ. ಅನ್ನ ಹಾಕಿದಾಕಿ ನನ್ನ ಕಣ್ಣೆದುರಿಗೇ ಕುರುಡಾಗತಾಳಲ್ಲ! ಪಟ ಇಳಿಸಿ ಸುತ್ತಿ ಬಗಲಾಗ ಇಟಗೊಂಡೆ.

ಅಷ್ಟರಾಗ ಡಾಕ್ಟರು ಬರಿಯೂದು ನಿಲ್ಲಿಸಿ, "ಅರೆ, ಇನ್ನೊಂದು ಕಣ್ಣು ನೋಡಲೇ ಇಲ್ಲ," ಅಂದ್ರು.

ನಾ ಪಟ ಬಿಚ್ಚೂದರೊಳಗ ಅವ್ವಾರು ಇನ್ನೊಂದು ಕಣ್ಣು ಮುಚ್ಚಿಕೊಂಡು, ಖಾಲಿ ಗ್ವಾಡಿ ನೋಡಿಕೊಂತ ಶುರು ಮಾಡೇಬಿಟ್ರು: "ಗs... ಟ, ರs... ಲ, ಮ, ನs..."

ಡಾಕ್ಟರು ಗ್ವಾಡಿ ನೋಡಿದ್ರು. ನನ್ನ ಬಗಲಾಗಿನ ಪಟ ನೋಡಿದ್ರು. ಅವ್ವಾರನ್ನ ನೋಡಿದ್ರು. ಅವ್ವಾರು ಕಡೀ ಸಾಲು ಮುಗಿಸಿ ಗೆದ್ದವರಂಗ ಕುಂತಿದ್ರು.

"ಅಮ್ಮಾ," ಅಂತ ಮೆಲ್ಲಕ ಕೇಳಿದ್ರು ಡಾಕ್ಟರು, "ಪಟ ಚೆನ್ನಾಗಿ ಕಾಣಿಸ್ತಿದೆಯಾ?"

"ಸ್ವಚ್ಛ ಕಾಣತೈತ್ರಿ. ಅಕ್ಷರ ಭಾಳ ಮುದ್ದಾಗಿ ಬರದಾರ."

ಡಾಕ್ಟರು ಹೊಟ್ಟಿ ಹಿಡಕೊಂಡು ನಕ್ಕರು. ನಕ್ಕೊಂತನ ಎದ್ದು ಬಂದು ಅವ್ವಾರ ರೆಪ್ಪಿ ಎತ್ತಿ ಕಣ್ಣು ಪರೀಕ್ಷಿಸಿ, ಮೊದಲಿನ ಕಾಗದ ಹರದು ಒಗದು ಹುಬ್ಬಳ್ಳಿಗೆ ಚೀಟಿ ಬರದ್ರು. "ನಾಳೆಯೇ ಹೊರಡಿ, ತಡ ಮಾಡಬೇಡಿ," ಅಂದ್ರು. ನನಗ ಹೋದ ಜೀವ ಬಂದಂಗಾತು.

ಮಾಸ್ತರರು ಪರದೆ ಸರಿಸಿ ಒಳಗ ಬಂದ್ರು. ಚೀಟಿ ನೋಡಿ ಅವರ ಎದಿ ಉಬ್ಬಿತು. "ನಾ ಹೇಳಿದ್ದಿಲ್ಲೇನು? ಪಾಸಾದವರನ್ನs ಮುಂದ ಕಳಸತಾರ!"

"ಮಾಸ್ತರೇ," ಅಂದ್ರು ಡಾಕ್ಟರು, "ಅವರು ಫೇಲಾಗಿದ್ದಾರೆ. ಅದಕ್ಕೇ ಕಳಿಸ್ತಿರೋದು."

ಮಾಸ್ತರರ ಮಾರಿ ಸಪ್ಪಗಾತು. "ಫೇಲ? ಒಂದಕ್ಷರ ತಪ್ಪಿಲ್ಲಲ್ರೀ ಸಾಹೇಬ್ರ! ನನ್ನ ಕೈಯಾಗ ಕಲತವರು ಯಾರೂ ಫೇಲ ಆಗಿಲ್ಲ. ಪೆನ್ಶನ್ ಹೊತ್ತಿನ್ಯಾಗ ಹೆಸರ ಕೆಡಸಬ್ಯಾಡ್ರಿ."

ಅವ್ವಾರು ಗಂಡನ ದನಿ ಬಂದ ಕಡೆ ಹೊಳ್ಳಿ ಸಮಾಧಾನ ಮಾಡಿದ್ರು: "ಇರಲಿ ಬಿಡ್ರಿ, ಯಾಕಷ್ಟು ಮನಸಿಗೆ ಹಚಗೋತೀರಿ? ಕಣ್ಣು ಬರಲಿ, ಮತ್ತೊಮ್ಮೆ ಪರೀಕ್ಷಾಕ್ಕ ಕುಂಡ್ರತೇನಿ. ಆವಾಗ ಚಂದಂಗೆ ನೋಡೇ ಹೇಳತೇನಿ."

ಮಾಸ್ತರರು ಗಾಬರಿ ಆಗಿ ಡಾಕ್ಟರ ಕಡೆ ಒಮ್ಮೆ ನೋಡಿ, ಹೆಂಡತಿ ಕಿವಿ ಹತ್ರ ಬಗ್ಗಿ ಗದರಿಸಿದ್ರು:

"ಏ, ಸುಮ್ಮನಿರs! ನೋಡಿ ಹೇಳಿದ್ರ ಕಾಪಿ ಆಗತೈತಿ!"