ಹತ್ತಕ್ಕೆ ಸೊನ್ನೆ ಪಡೆದ ಮನೆತನ

ದುರಗವ್ವ: ನೀವು ಸೊನ್ನಿ ಕೊಟ್ಟದ್ದು ನನ್ನ ಮೊಮ್ಮಗಳಿಗೋ, ನಮ್ಮ ಮನಿತನಕ್ಕೋ? ಅದನ್ನ ಮೊದಲ ಹೇಳ್ರಿ ಮಾಸ್ತರ, ಆಮ್ಯಾಲೆ ಕುಂಡ್ರತೇನಿ.

ಮಾಸ್ತರ: ಅಜ್ಜಿ, ಮೊದಲು ಕೂಡ್ರಿ. ಮನಿತನಕ್ಕ ಮಾರ್ಕ್ಸ್ ಕೊಡೋ ಅಧಿಕಾರ ಸರಕಾರ ನನಗ ಇನ್ನೂ ಕೊಟ್ಟಿಲ್ಲ.

ದುರಗವ್ವ: ಹಂಗಾರ ಯಾಕ ಕೊಟ್ರಿ? ಈ ಹಾಳ್ಯಾಗ ಇದ್ದಾರೆಲ್ಲಾ ನಮ್ಮ ಮನ್ಯಾರು. ಗೆರಿ ಸುಕನ್ಯಾ ಎಳದಾಳ, ಮಂದೀನ ನಾ ಹೇಳೇನಿ. ಸೊನ್ನಿ ನನಗ ಬಿತ್ತಲ್ರಿ.

ಸುಳ್ಳ ಎಂಬ ಹಳ್ಳಿಯಿಂದ ಮೊದಲನೆಯ ಬಸ್ಸಿಗೆ ಹೊರಟು ಬಂದ ಮುದುಕಿ ಉಣಕಲ್ಲಿನ ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಮೇಜಿಗೆ ಅಡ್ಡವಾಗಿ ನಿಂತಿದ್ದಳು. ಬಿಂದುಮಾಧವ ಮಾಸ್ತರರು ಹದಿನಾಲ್ಕು ವರ್ಷದಿಂದ ಇಲ್ಲಿ ಜೀವಶಾಸ್ತ್ರ ಕಲಿಸುವವರು. ಧಾರವಾಡದ ಮನೆತನ, ಅಜ್ಜ ಮಾಸ್ತರ, ಅಪ್ಪ ಮಾಸ್ತರ. ಜಗಳವಾಡುವಾಗಲೂ ಧ್ವನಿ ಏರಿಸಬಾರದೆಂದು ಆ ಮನೆಯಲ್ಲಿ ಮೂರು ತಲೆಮಾರಿನಿಂದ ರೂಢಿ. ಅನುವಂಶೀಯತೆಯ ಪಾಠ ಮುಗಿಸಿ, ಮನೆಯ ವಂಶಾವಳಿಯ ನಕ್ಷೆ ಬರೆದು ತರಲು ಹತ್ತನೆಯ ತರಗತಿಗೆ ಹೇಳಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನಲವತ್ತೊಂದು ಮಕ್ಕಳು ತಂದರು. ನಲವತ್ತು ನಕ್ಷೆಗಳು ಗೈಡಿನಲ್ಲಿದ್ದ ನಕ್ಷೆಗೆ ಹೆಸರು ಬದಲಿಸಿಕೊಂಡು ಬಂದಿದ್ದವು. ಆ ಲೆಕ್ಕದಲ್ಲಿ ಉಣಕಲ್ಲಿನ ಮನೆಮನೆಯಲ್ಲೂ ಮೂರು ಗಂಡು, ಎರಡು ಹೆಣ್ಣು. ಅವಕ್ಕೆಲ್ಲ ಹತ್ತಕ್ಕೆ ಒಂಬತ್ತು. ಖರೇ ಮನೆಯನ್ನು ಬರೆದು ತಂದವಳು ಸುಕನ್ಯಾ ಒಬ್ಬಳೇ. ಅವಳಿಗೆ ಸೊನ್ನೆ.

ಮಾಸ್ತರ: ಇದು ಡಿಎನ್ಎ ಪಾಠ ಅಜ್ಜಿ. ಹಿರಿಯರಿಂದ ಮಕ್ಕಳಿಗೆ ಏನೇನು ಇಳದು ಬರ್ತದ ಅನ್ನೋದು.

ದುರಗವ್ವ: ಡಿಎನ್ಎ ಅಂದ್ರ ಟೀವ್ಯಾಗ ಪೊಲೀಸ್ರು ತಗೀತಾರಲ್ಲ, ಅದ? ನಮ್ಮ ಹುಡುಗಿ ಏನು ಕಳುವು ಮಾಡ್ಯಾಳಂತ ತಗದ್ರಿ?

ಮಾಸ್ತರ: ತಗದಿಲ್ಲ, ಕಲಿಸೀನಿ.

ದುರಗವ್ವ: ಕಲಿಸಿ ಸೊನ್ನಿ ಕೊಟ್ರಿ. ಕಲಿಸದ ಇದ್ರ ಎಷ್ಟು ಕೊಡ್ತಿದ್ರಿ?

ಕೋಣೆಯ ಇನ್ನೊಂದು ತುದಿಯಲ್ಲಿ ನೋಟ್‌ಬುಕ್ಕು ತಿದ್ದುತ್ತ ಕುಳಿತಿದ್ದ ಕನ್ನಡದ ಯಶೋಧರಾ ಟೀಚರು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ಮಾಸ್ತರರು ಹಾಳೆಯನ್ನು ಮುದುಕಿಯ ಕಡೆ ತಿರುಗಿಸಿದರು.

ಮಾಸ್ತರ: ಇಲ್ಲಿ ನೋಡ್ರಿ. ಮ್ಯಾಲಿನ ಸಾಲಿನಾಗ, ನಿಮ್ಮ ತಾಯಿ ಮಗ್ಗಲಕ್ಕ, ಒಂದು ಚೌಕ. ಮೈಲಾರಪ್ಪ. ಇವರು ಯಾರು?

ದುರಗವ್ವ: ನಮ್ಮವ್ವನ ತಮ್ಮ.

ಮಾಸ್ತರ: ಕೆಳಗಿನ ಸಾಲಿನಾಗ, ನಿಮ್ಮ ಮಗ್ಗಲಕ್ಕ, ಇನ್ನೊಂದು ಮೈಲಾರಪ್ಪ. ಇವರು?

ದುರಗವ್ವ: ಅವರು ನಮ್ಮ ಮನ್ಯಾರು.

ಮಾಸ್ತರ: ಇವರ ಹೆಸರೂ ಮೈಲಾರಪ್ಪನ ಏನು?

ದುರಗವ್ವ: ಬರದೈತೆಲ್ರಿ, ಓದ್ಕೋರಿ. ನಲವತ್ತೈದು ವರ್ಷದಾಗ ಆ ಹೆಸರು ನನ್ನ ಬಾಯಾಗ ಬಂದಿಲ್ಲ. ನಿಮ್ಮ ಮಾರ್ಕ್ಸಿನ ಸಲುವಾಗಿ ಈಗ ಬರಂಗಿಲ್ಲ.

ಮಾಸ್ತರ: ಆತು, ಗಂಡನ ಹೆಸರು ಬ್ಯಾಡ. ಮ್ಯಾಲಿನವರ ಹೆಸರು ಹೇಳ್ರಿ. ಅವರು ಸೋದರಮಾವ, ಹೇಳ್ಲಿಕ್ಕೆ ಅಡ್ಡಿ ಇಲ್ಲ.

ದುರಗವ್ವ: ಅದೂ ಬರಂಗಿಲ್ರಿ.

ಮಾಸ್ತರ: ನಿಮ್ಮ ಊರಾಗ ಸೋದರಮಾವನ ಹೆಸರೂ ಹೇಳಬಾರದೇನು?

ದುರಗವ್ವ: ಸಣ್ಣಾಕಿ ಇದ್ದಾಗ ಒದರಿ ಒದರಿ ಕರೀತಿದ್ದೆ. ಆಮ್ಯಾಲೆ ತಾಳಿ ಕಟ್ಟಿದ್ರು, ಬಾಯಿ ಮುಚ್ಚಿತು.

ಯಶೋಧರಾ: ಸರ, ಇಬ್ರೂ ಒಬ್ರ. ಅಜ್ಜಿ ತಮ್ಮ ಸ್ವಾದರಮಾವನ್ನ ಮದಿವ್ಯಾಗ್ಯಾರ.

ಮಾಸ್ತರ: ಗೊತ್ತಾತು ನನಗ. ಆದ್ರ ಒಬ್ಬ ಮನುಷ್ಯಾ ನಕ್ಷೆದಾಗ ಎರಡು ಕಡೆ ಕೂಡ್ಲಿಕ್ಕೆ ಬರಂಗಿಲ್ಲ. ಅದಕ್ಕ ಸೊನ್ನೆ.

ದುರಗವ್ವ: ಮ್ಯಾಲಿನ ಮನ್ಯಾಗ ಹುಟ್ಯಾರ, ಕೆಳಗಿನ ಮನ್ಯಾಗ ಉಂಡಾರ. ಎರಡೂ ಕಡೆ ಇದ್ದದ್ದು ಖರೇ. ಯಾವ ಮನಿಯಿಂದ ಹೊರಗ ಹಾಕ್ಲಿ, ನೀವ ಹೇಳ್ರಿ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥ ಧೂಳೇನೂ ಅದರಲ್ಲಿರಲಿಲ್ಲ.

ದುರಗವ್ವ: ಹಿಂಗ ಮಾಡ್ರಿ, ನಿಮ್ಮ ಮನಿದು ತಗೀರಿ, ಆ ಫಳೀ ಮ್ಯಾಲೆ. ಶಾಣ್ಯಾ ಮನಿತನದ ನಕ್ಷಿ ಹೆಂಗಿರತೈತಿ ನೋಡಿ ಕಲ್ಕೊಂಡು ಹೊಕ್ಕೇನಿ.

ಮನೆತನದ ಮಾತು ತೆಗೆದರೆ ಮಾಸ್ತರರ ಕೈ ತಾನಾಗಿ ಸುಣ್ಣದ ಕಡ್ಡಿಗೆ ಹೋಗುತ್ತಿತ್ತು. ಕಪ್ಪು ಹಲಗೆಯ ಮೇಲೆ ಮುತ್ತಜ್ಜನಿಂದ ಶುರು ಮಾಡಿದರು. ಅಕ್ಷರ ಮುತ್ತು ಪೋಣಿಸಿದಂತೆ, ಗೆರೆ ನೂಲು ಹಿಡಿದಂತೆ. ಅಜ್ಜ, ಅಜ್ಜಿ, ಅಪ್ಪ, ಅವ್ವ; ಅವರ ಕೆಳಗೆ ಅಕ್ಕ ಗೋದಾಬಾಯಿ, ಅವಳ ಮಗ್ಗುಲಿಗೆ ಬಿಂದುಮಾಧವ. ಅಲ್ಲಿಗೆ ಬಂದು ಕಡ್ಡಿಯನ್ನು ಕೆಳಗಿಟ್ಟರು.

ದುರಗವ್ವ: ಮುಗೀತೇನ್ರಿ? ಹೆಂಡ್ತಿ ಇಲ್ಲೇನು ನಿಮಗ?

ಮಾಸ್ತರರು ಕಪ್ಪು ಹಲಗೆಯ ಕಟ್ಟಕಡೆಯ ಮೂಲೆಗೆ ನಡೆದು ಹೋಗಿ, ಕಿಟಕಿಯ ಪಕ್ಕದಲ್ಲಿ ಸಣ್ಣದೊಂದು ವೃತ್ತ ಬರೆದು, 'ವೃಂದಾ' ಎಂದು ತುಂಬಿ, ಅಲ್ಲಿಂದ ತಮ್ಮವರೆಗೆ ಮಾರುದ್ದದ ಗೆರೆ ಎಳೆದರು.

ದುರಗವ್ವ: ಭಾಳ ದೂರದಿಂದ ತಂದೀರಿ. ಯಾವೂರಾಕಿ?

ಮಾಸ್ತರ: ಧಾರವಾಡದಾಕಿನ.

ದುರಗವ್ವ: ಧಾರವಾಡದಾಕಿ ಕಿಟಕಿ ಮಗ್ಗಲಕ್ಕ ಯಾಕ ನಿಂತಾಳ? ಆಕಿಗೆ ಹಡದಾರು ಯಾರೂ ಇಲ್ಲೇನು?

ಮಾಸ್ತರ: ಇದ್ದಾರ. ಫಳ್ಯಾಗ ಜಾಗಾ ಸಾಲಂಗಿಲ್ಲ.

ಯಶೋಧರಾ: ಜಾಗಾ ಯಾಕ ಬೇಕು ಸರ? ವೃಂದಾರ ತಾಯಿನ್ನ ಆಗಲೇ ಬರದೀರಿ. ಅಲ್ಲೇ, ನಿಮ್ಮ ಮಗ್ಗಲಕ್ಕ. ಗೋದಾಬಾಯಿಯವರು.

ದುರಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಸಂಬಂಧ ಬರುತ್ತಿತ್ತು. ಎದ್ದು ಹೋಗಿ ಅಕ್ಕನ ವೃತ್ತದ ಮೇಲೆ ಒಂದು ಬೆರಳಿಟ್ಟಳು, ಹೆಂಡತಿಯ ವೃತ್ತದ ಕಡೆ ಒಮ್ಮೆ ನೋಡಿದಳು.

ದುರಗವ್ವ: ಅಂದ್ರ ಅಕ್ಕನ ಮಗಳನ್ನ ಮಾಡ್ಕೊಂಡೀರಿ. ಅಕ್ಕನ ನಿಮಗ ಅತ್ತಿ.

ಮಾಸ್ತರ: ಅದು ಹಿರಿಯರು ಕೂತು ನಿಶ್ಚಯ ಮಾಡಿದ್ದು.

ದುರಗವ್ವ: ನಮ್ಮದೇನು ಸಣ್ಣ ಹುಡುಗ್ರು ಕುಂತು ಮಾಡಿದ್ದೇನ್ರಿ? ಟೀಚರ, ಆ ಕೆಂಪು ಪೆನ್ನು ಕೊಡ್ರಿ. ಇವರಿಗೂ ಒಂದು ಹಾಕೂಣು.

ಮಾಸ್ತರ: ಹಂಗಲ್ಲ ಅಜ್ಜಿ. ಇಂಥಾ ಮದುವಿಗೆ ನಕ್ಷೆದಾಗ ಬ್ಯಾರೆ ಪದ್ಧತಿ ಅದ. ಗಂಡ ಹೆಂಡ್ತಿ ನಡುವ ಎರಡು ಗೆರಿ ಎಳೀಬೇಕು.

ಮಾತು ಬಾಯಿಂದ ಜಾರಿ ಹೋಯಿತು. ದುರಗವ್ವ ಮೇಜಿನ ಮೇಲಿನ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ವೃತ್ತಕ್ಕೂ ಅವಳ ಗಂಡನ ಚೌಕಕ್ಕೂ ನಡುವೆ ಪಟ್ಟಿ ಹಿಡಿದು ಎಳೆದ ಎರಡು ಗೆರೆಗಳಿದ್ದವು. ಒಂದರ ಮೇಲೆ ಕೆಂಪು ಕಾಟು ಬಿದ್ದಿತ್ತು.

ದುರಗವ್ವ: ಹುಡುಗಿ ಎರಡ ಎಳದಾಳಲ್ರಿ.

ಯಶೋಧರಾ: ಸರ ಕೆಳಗ ಬರದೂ ಬರದಾರ: 'ಒಂದೇ ಗೆರೆ ಸಾಕು.'

ಸಾಕು ಎಂದು ಬರೆಯುವಾಗ ಮಾಸ್ತರರಿಗೆ ತಿಳಿಯದೆ ಏನಿರಲಿಲ್ಲ. ಅವರ ಟಿಪ್ಪಣಿ ಪುಸ್ತಕದಲ್ಲಿ ಆ ಎರಡು ಗೆರೆಗೆಂದೇ ಅರ್ಧ ಪುಟವಿತ್ತು. ವರ್ಷಾ ವರ್ಷಾ ಆ ಪುಟಕ್ಕೆ ಬಂದಾಗ, ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮಗುಚುತ್ತಿದ್ದರು. ಈ ಹುಡುಗಿ ಎಲ್ಲಿಂದಲೋ ಹುಡುಕಿಕೊಂಡು ಬಂದಿದ್ದಳು.

ದುರಗವ್ವ: ಎರಡು ಗೆರಿ ಯಾತಕ್ಕ ಬೇಕ್ರಿ? ತಾಳಿ ಒಂದ ಕಟ್ತಾರಲ್ಲ.

ಮಾಸ್ತರ: ಕೇಳ್ರಿ. ಎಲ್ಲಾರ ಮೈಯಾಗೂ ಒಂದು ಪುಸ್ತಕದ ಎರಡು ಪ್ರತಿ ಇರ್ತಾವ ಅಂತ ತಿಳೀರಿ. ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದರಾಗ ಏನರ ತಪ್ಪಿದ್ರ, ಇನ್ನೊಂದು ನೋಡಿ ಮೈ ತನ್ನ ಕೆಲಸಾ ನಡಸ್ತದ. ಗಂಡ ಹೆಂಡ್ತಿ ಒಂದ ಮನ್ಯಾವರಾದ್ರ, ಇಬ್ರೂ ಒಂದ ಹಳೇ ಪುಸ್ತಕಾ ನೋಡಿ ಬರಕೊಂಡವರು. ಅದ ತಪ್ಪು ಇಬ್ಬರಲ್ಲೂ ಇರಬಹುದು. ಇದ್ರ, ಹುಟ್ಟೋ ಕೂಸಿಗೆ ಎರಡೂ ಪ್ರತಿ ತಪ್ಪಿದ್ದು ಸಿಗೋ ಸಂಭವ ನಾಲ್ಕರಾಗ ಒಂದು. ಅದಕ್ಕ ಎರಡು ಗೆರಿ. ಲಕ್ಷ್ಯ ಇರಲಿ ಅಂತ.

ದುರಗವ್ವ ಬೆಂಚಿನ ಮೇಲೆ ಕುಳಿತಳು. ಬಂದಾಗಿನಿಂದ ಮೊದಲ ಸಲ ಕುಳಿತದ್ದು.

ದುರಗವ್ವ: ನಾ ಆರು ಹಡದೆ. ಎರಡಕ್ಕ ಕುತ್ತಿಗಿ ನಿಲ್ಲಲಿಲ್ಲ. ಒಂದು ಎರಡು ವರ್ಷ ಇತ್ತು, ಒಂದು ಮೂರು. ನನ್ನ ಕಾಲ್ಗುಣ ಅಂದ್ರು. ನಮ್ಮತ್ತಿನೂ ಅಂದ್ಲು. ನಮ್ಮತ್ತಿ ಅಂದ್ರ ನಮ್ಮವ್ವನ ಅವ್ವ, ನನ್ನ ಎತ್ತಿ ಆಡಿಸಿದಾಕಿ.

ಮಾಸ್ತರ: ಅದು ಇದರಿಂದನ ಆತು ಅಂತ ಈಗ ನಾ ಹೇಳ್ಲಿಕ್ಕೆ ಬರಂಗಿಲ್ಲ ಅಜ್ಜಿ. ಕಾಲ್ಗುಣದಿಂದ ಅಂತೂ ಅಲ್ಲ. ಇಷ್ಟು ಮಾತ್ರ ಖಾತ್ರಿ.

ದುರಗವ್ವ: ಇದನ್ನ ಹುಡುಗ್ರಿಗೆ ಹೇಳೀರೇನು?

ಮಾಸ್ತರ: ಪರೀಕ್ಷೆಗೆ ಬರಂಗಿಲ್ಲ.

ದುರಗವ್ವ: ಪರೀಕ್ಷಾಕ್ಕ ಬರಂಗಿಲ್ಲ. ಮನಿಗೆ ಬರತೈತಿ.

ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಮಾರ್ಕ್ಸು ಕೊಡುವುದು ಹಗುರೆನಿಸಿತು ಮಾಸ್ತರರಿಗೆ. ಕೆಂಪು ಪೆನ್ನು ಕೈಗೆತ್ತಿಕೊಂಡರು.

ಮಾಸ್ತರ: ತಪ್ಪು ನಂದು. ಈ ಸೊನ್ನೆ ಎಡಕ್ಕ ಒಂದರ ಅಂಕಿ ಹಾಕಿಬಿಡ್ತೀನಿ, ಹತ್ತು ಆಗ್ತದ. ಹತ್ತಕ್ಕ ಹತ್ತು. ಫಳೀ ಮ್ಯಾಲಿಂದು ಮಾತ್ರ ಈ ಕೋಣಿ ಬಿಟ್ಟು ಹೊರಗ ಹೋಗೋದು ಬ್ಯಾಡ.

ದುರಗವ್ವ ಸೊನ್ನೆಯ ಮೇಲೆ ಅಂಗೈ ಇಟ್ಟಳು.

ದುರಗವ್ವ: ಮುಟ್ಟಬ್ಯಾಡ್ರಿ ಅದನ್ನ. ಆದ್ರ ಇನ್ನೊಂಚೂರು ದೊಡ್ಡದು ಮಾಡ್ರಿ.

ಮಾಸ್ತರ: ಈಗಷ್ಟ ಸೊನ್ನೆ ಬ್ಯಾಡ ಅಂತ ಜಗಳಾಡಿದವರು ನೀವ ಅಲ್ಲೇನು?

ದುರಗವ್ವ: ಆಗ ನನಗ ಎರಡು ಗೆರಿ ಗೊತ್ತಿರಲಿಲ್ಲ. ನಮ್ಮ ಅಳಿಯ ಗುರುಬಸವ ಅದಾನಲ್ರಿ, ಸುಕನ್ಯಾನ ಅಪ್ಪ. ಈ ಪರೀಕ್ಷಾ ಮುಗಿದ ಮ್ಯಾಲೆ ಹುಡುಗಿ ಸಾಲಿ ಬಿಡಿಸಿ ಮನ್ಯಾಗ ಕುಂಡ್ರಸ್ತಾನಂತ. ಹದಿನೆಂಟು ತುಂಬಿದ ಮರುದಿನ ನನ್ನ ಸಣ್ಣ ಮಗ ಸಿದ್ಧಾರೂಢಗ ಕೊಡ್ತಾನಂತ. ಹೊಲಾ ಹೊರಗ ಹೋಗಂಗಿಲ್ಲ, ಮಗಳು ದೂರ ಹೋಗಂಗಿಲ್ಲ.

ಯಶೋಧರಾ: ನಿಮ್ಮ ಮಗ ಏನಂತಾನ?

ದುರಗವ್ವ: ಗೋಕುಲ ರಸ್ತ್ಯಾಗ ಕಾರಖಾನಿಗೆ ಹೊಕ್ಕಾನ. ಆ ಹುಡುಗೀನ ಹೆಗಲ ಮ್ಯಾಲೆ ಹೊತ್ಕೊಂಡು ತಿರುಗ್ಯಾಡಿದಾಂವ. ಮದಿವಿ ಅಂದ್ರ ಎದ್ದು ಹೊರಗ ಹೋಗಿ ಕುಂಡ್ರತಾನ. ಹ್ವಾದ ವಾರ ಹೂಂ ಅಂದಾಕಿ ನಾನ. ಈಗ ನಾನ ಒಲ್ಲೆ ಅಂದ್ರ ಮುದುಕಿಗೆ ಅರಳುಮರಳು ಅಂತಾನ ಅಳಿಯ. ಅವಗ ಮಂದಿ ಮಾತು ನಾಟಂಗಿಲ್ಲ. ಸಹಿ, ಸಿಕ್ಕಾ ಇದ್ರ ಲೈಟ್ ಬಿಲ್ಲಿಗೂ ಎದ್ದು ನಿಂತ ಕೈ ಮುಗೀತಾನ. ಬರೀರಿ ಕೆಳಗ: ಈ ತಪ್ಪು ಈ ಮನ್ಯಾಗ ಇನ್ನೊಮ್ಮೆ ಆಗಬಾರದು. ಬರದು ಸಹಿ ಮಾಡ್ರಿ.

ಮಾಸ್ತರರ ಪೆನ್ನು ಹಾಳೆಯ ಮೇಲೆ ಇಳಿಯಿತು, ನಿಂತಿತು. ಪಾಠದಲ್ಲಿ ಹೇಳದೆ ಬಿಟ್ಟದ್ದನ್ನು ಹಾಳೆಯಲ್ಲಿ ಸಹಿ ಹಾಕಿ ಕೊಡುವುದು ಹೇಗೆ ಎನಿಸಿತು.

ಮಾಸ್ತರ: ನನ್ನ ಸಹಿ ಇದ್ದ ಕಾಗದ ಊರಾಗ ತಿರುಗಾಡಿ, ನಾಳೆ ಅಕ್ಕನ ಕಿವಿಗೆ ಬಿದ್ರ...

ಯಶೋಧರಾ: ಅಕ್ಕನ ಕಿವಿಗೋ ಸರ, ಅತ್ತಿಯವರ ಕಿವಿಗೋ?

ಮಾಸ್ತರ: ಇಬ್ರೂ ಮನಿಗೆ ಕೂಡೇ ಬರ್ತಾರ, ಅದ ನನ್ನ ತ್ರಾಸು. ಪೆನ್ಸಿಲ್ಲಿನಾಗ ಬರಕೊಟ್ರ ನಡೀತದೇನು ಅಜ್ಜಿ?

ದುರಗವ್ವ: ಪೆನ್ಸಿಲ್ಲಿಗೆ ನಮ್ಮ ಅಳಿಯ ಅಂಜಂಗಿಲ್ಲ. ಆ ಹುಡುಗಿ ಇಡೀ ಸಾಲ್ಯಾಗ ಒಬ್ಬಾಕಿನ ಖರೇ ಬರದಾಳ. ಕಲಿಸಿದಾರು ನೀವು. ಒಂದು ಸಾಲು ಬರಿಯಾಕ ಅಂಜತೀರೇನ್ರಿ?

ಹೊರಗೆ ಪಿರಿಯಡ್ಡಿನ ಗಂಟೆ ಹೊಡೆಯಿತು. ಮಾಸ್ತರರು ಎದ್ದು ಹೋಗಲಿಲ್ಲ. ಬರೆದರು, ಒಂದು ಸಾಲಿಗೆ ಕುಳಿತವರು ಆರು ಸಾಲು ಬರೆದರು. ಪುಸ್ತಕದ ಎರಡು ಪ್ರತಿಯ ಮಾತು ಬಂತು, ನಾಲ್ಕರಲ್ಲಿ ಒಂದು ಬಂತು, ಕೊನೆಗೆ ದಿನಾಂಕ ಸಹಿತ ಸಹಿ ಬಂತು. ಯಶೋಧರಾ ಟೀಚರು ಗಟ್ಟಿಯಾಗಿ ಓದಿ ಹೇಳಿದರು.

ದುರಗವ್ವ: ಹುಡುಗೀನ ಕಾಲೇಜಿಗೆ ಕಳಸ್ರಿ ಅಂತ ಇಲ್ಲಲ್ರಿ?

ಮಾಸ್ತರ: ಅದು ಜೀವಶಾಸ್ತ್ರ ಅಲ್ಲ ಅಜ್ಜಿ.

ದುರಗವ್ವ: ನಮ್ಮ ಅಳಿಯಗ ಏನು ಗೊತ್ತು. ಹಾಕ್ರಿ.

ಹಾಕಿದರು. ಸಹಿಯ ಕೆಳಗೆ ಸಾಲೆಯ ಸಿಕ್ಕಾವನ್ನೂ ತರಿಸಿ ಒತ್ತಿದರು. ದುರಗವ್ವ ಹಾಳೆ ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು.

ದುರಗವ್ವ: ರಿಜಿಸ್ಟರದಾಗ ಹತ್ತು ಹಾಕ್ರಿ ಮತ್ತ, ಮರೀಬ್ಯಾಡ್ರಿ.

ಮಾಸ್ತರ: ಹಾಳಿ ಮ್ಯಾಲೆ ಸೊನ್ನೆ, ರಿಜಿಸ್ಟರದಾಗ ಹತ್ತು. ಒಂದ ನಕ್ಷೆಗೆ ಎರಡೂ ಹೆಂಗ ಆಗ್ತದ?

ದುರಗವ್ವ: ನಿಮ್ಮ ಮನ್ಯಾಗ ಒಬ್ಬಾಕಿನ ಅಕ್ಕನೂ ಆಗಿ ಅತ್ತಿನೂ ಆಗ್ಯಾಳ. ಒಂದು ಹಾಳಿಗೆ ಸೊನ್ನಿನೂ ಹತ್ತೂ ಆಗಾಕ ಏನು ಧಾಡಿ ಬಂದೈತ್ರಿ?