ದೆವ್ವಗಳು ಅಳತೆ ಕೊಡುವ ಅಂಗಡಿ

ನನ್ನ ತಮ್ಮನ ಗೆಳೆಯನಿಗೆ ಸುಳ್ಳುಗಾರನೆಂಬ ಹೆಸರು ಬಂದಾಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎರಡು ತಿಂಗಳು ಹೇಳಲಿಲ್ಲ. ಬೇರೆ ವಿಷಯಗಳಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲವೆಂದು ಜನ್ನಾಪುರದ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನ ನನ್ನ ಹತ್ತಿರ ಬಟ್ಟೆ ಹೊಲಿಸುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಆಮೇಲೆ ಹೊಲಿಗೆ ಮಿಷನ್ನು. ತಮ್ಮ ಮಂಜು ಮಾತ್ರ ಶಿವಮೊಗ್ಗದ ಕಾಲೇಜಿಗೆ ಹೋದ. ಭಾನುವಾರ ಬೆಳಿಗ್ಗೆ ವಿದ್ಯಾನಗರದಲ್ಲಿ ಒಬ್ಬರ ಮನೆಯಲ್ಲಿ ನಾಲ್ಕು ಜನ ಸೇರಿ ಒಂದು ಆಟ ಆಡುತ್ತಿದ್ದರು. ಮಂಜು ಕಥೆ ಹೇಳುವುದು, ಉಳಿದವರು ಒಬ್ಬೊಬ್ಬರು ಒಂದೊಂದು ದೆವ್ವವಾಗಿ ಮಾತಾಡುವುದು, ಮುಂದೇನಾಯಿತೆಂದು ದಾಳ ಹಾಕಿ ನೋಡುವುದು. ಕಥೆ ನಡೆಯುವುದು ಶಿವಮೊಗ್ಗದಲ್ಲೇ. ಅಲ್ಲಿ ದೆವ್ವಗಳು ಯಾರಿಗೂ ಗೊತ್ತಾಗದಂತೆ ಜನರ ನಡುವೆ ಬಾಳುತ್ತಿರುತ್ತವೆ. ಅಮ್ಮನಿಗೆ ಇದನ್ನು ಗ್ರೂಪ್ ಸ್ಟಡಿ ಎಂದು ಹೇಳಿದ್ದ. ಗ್ರೂಪ್ ಅನ್ನುವುದಾದರೂ ನಿಜವಿತ್ತು.

ಅವನಿಗೊಂದು ತೊಂದರೆ ಇತ್ತು. ದೆವ್ವಗಳು ಎದುರಾದ ಕೂಡಲೇ ಹೊಡೆದಾಡಿ ಕಥೆ ಅರ್ಧ ಗಂಟೆಗೇ ಮುಗಿಯುತ್ತಿತ್ತು. ಯಾರೂ ಯಾರ ಮೇಲೂ ಕೈ ಎತ್ತದೆ ಕೂತು ಮಾತಾಡುವ ಒಂದು ಜಾಗ ಬೇಕಿತ್ತು. ದೇವಸ್ಥಾನ ಆಗಬಹುದಾ ಎಂದು ಕೇಳಿದ. ಅರ್ಧ ದೆವ್ವಗಳು ಒಳಗೇ ಬರುವುದಿಲ್ಲವಲ್ಲ ಎಂದೆ. ಸ್ಮಶಾನ? ಅದು ಬೇತಾಳನ ಸ್ವಂತ ಮನೆ, ಅಲ್ಲಿಗೆ ಪಂಚಾಯ್ತಿಗೆ ಮೋಹಿನಿ ಯಾಕೆ ಬರುತ್ತಾಳೆ? ಹೋಟೆಲ್ಲು? ಮಡಿಯ ಬ್ರಹ್ಮರಾಕ್ಷಸ ಅಲ್ಲಿ ನೀರೂ ಮುಟ್ಟುವುದಿಲ್ಲ. ಆಗ ನನ್ನ ಅಂಗಡಿಯ ಬೆಂಚಿನ ಮೇಲೆ, ಒಂದು ಗೋಡೆಯ ಜಗಳಕ್ಕೆ ಎಂಟು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಗೌರಿಹಬ್ಬಕ್ಕೆ ತಿಂಗಳಷ್ಟೇ ಉಳಿದಿತ್ತು, ಇಬ್ಬರಿಗೂ ಬ್ಲೌಸ್ ಬೇಕಿತ್ತು.

"ಎಲ್ಲರಿಗೂ ಕೆಲಸ ಇರೋ ಜಾಗ ನೋಡು ಮಾರಾಯ," ಎಂದೆ. "ಕೆಲಸ ಆಗೋವರೆಗೂ ಯಾರೂ ಜಗಳ ಆಡಲ್ಲ."

ಹೀಗೆ ದೆವ್ವಗಳ ಜಾಗ ಟೈಲರ್ ಅಂಗಡಿಯಾಯಿತು. ಜನರ ನಡುವೆ ಇರಬೇಕಾದರೆ ಅವಕ್ಕೂ ಬಟ್ಟೆ ಬೇಕಲ್ಲ. ಹಿಂದುಮುಂದಾದ ಪಾದ ಮುಚ್ಚಲು ಲಂಗ ನೆಲ ಮುಟ್ಟಬೇಕು. ತಲೆಕೆಳಗಾಗಿ ನೇತಾಡುವವನ ಜೇಬಿಗೆ ಗುಂಡಿ ಇರಬೇಕು. ಬಿಂಬ ಕಾಣದವರಿಗೆ ಮುಜುಗರವಾಗದಂತೆ ಕನ್ನಡಿಗೊಂದು ಪರದೆ. ಟೈಲರಮ್ಮನ ಕುತ್ತಿಗೆಯಲ್ಲಿ ಟೇಪು ಇರುವಷ್ಟು ಹೊತ್ತು ಯಾರೂ ಜಗಳ ಆಡುವಂತಿಲ್ಲ ಎಂಬುದು ನಿಯಮ. ಮಂಜು ಮೂರು ವಾರ ಕೂತು ಇದನ್ನೆಲ್ಲ, ಅಂಗಡಿಯ ನಕ್ಷೆಯ ಸಮೇತ, ದಪ್ಪ ಚಾರ್ಟಿನ ಮೇಲೆ ಬರೆದ. ಆಟದ ಜೊತೆಗಾರ, ನ್ಯೂಟೌನಿನ ಸೆಲ್ವ, ಅದಕ್ಕೆ ಬಣ್ಣ ತುಂಬಿದ.

ಮಂಜು ಇಲ್ಲದಾಗ ಸೆಲ್ವ ಅದನ್ನು ತಂದು, ಅವನಿಗೆ ಕೊಡಿ ಅಕ್ಕ ಎಂದು ನನ್ನ ಮೇಜಿನ ಮೇಲಿಟ್ಟು ಹೋದ. ಹಬ್ಬದ ಗಡಿಬಿಡಿ, ಅಳತೆ ಕತ್ತರಿಸುವ ದಪ್ಪ ಕಾಗದ ಮುಗಿದಿತ್ತು. ಚಾರ್ಟು ಬೋರಲಾಗಿ ಬಿದ್ದಿತ್ತು. ಹಿಂದುಮುಂದು ನೋಡದೆ ಅದರಲ್ಲೇ ಬ್ಲೌಸಿನ ಅಳತೆ ಕತ್ತರಿಸಿದೆ. ತಿರುಗಿಸಿ ನೋಡಿದರೆ ಬ್ರಹ್ಮರಾಕ್ಷಸನ ಬೆಂಚು ಎಡತೋಳಿನಲ್ಲಿತ್ತು. ಬಾಗಿಲು ಬೆನ್ನಿನ ಕೊರಳಿಗೆ ಹೋಗಿತ್ತು.

ಸಂಜೆ ಮಂಜು ಬಂದು, ಸೆಲ್ವ ಚಾರ್ಟು ಕೊಟ್ಟನಾ ಎಂದು ಕೇಳಿದ. ನನ್ನ ಬಾಯಲ್ಲಿ ಪಿನ್ನುಗಳಿದ್ದವು. ಇಲ್ಲವೆಂದು ತಲೆ ಆಡಿಸಿದೆ. ಸೆಲ್ವ ಎಲ್ಲೋ ಕಳೆದುಕೊಂಡು ಅಕ್ಕನ ಮೇಲೆ ಹಾಕುತ್ತಾನೆ ಎಂದು ಮಂಜು ಸಿಟ್ಟಾದ. ಅವರಿಬ್ಬರ ಮಾತು ನಿಂತಿತು, ಆಟವೂ ನಿಂತಿತು. ಪಕ್ಕದ ಎಸ್‌ಟಿಡಿ ಬೂತಿಗೆ ಮಂಜುವಿಗಾಗಿ ಬರುತ್ತಿದ್ದ ಫೋನೂ ನಿಂತಿತು. ಭಾನುವಾರ ಅವನು ನನ್ನ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕತೊಡಗಿದ. ಚೆನ್ನಾಗಿಯೇ ಹಾಕುತ್ತಿದ್ದ. ಒಂದೊಂದು ಹುಕ್ಕೂ ನನಗೆ ಚುಚ್ಚುತ್ತಿತ್ತು.

ಒಂದು ಭಾನುವಾರ ಸೆಲ್ವ ತನ್ನ ತಾಯಿಯ ಬಟ್ಟೆ ಒಯ್ಯಲು ಬಂದ. ಇಬ್ಬರೂ ಒಂದೊಂದು ಗೋಡೆ ನೋಡುತ್ತ ನಿಂತರು. ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಈಗ ಯಾರೂ ಜಗಳ ಆಡುವಂತಿಲ್ಲ ಎಂದು ಹೇಳಿ, ಕಾಗದದ ಕಟ್ಟಿನಿಂದ ಎಡತೋಳನ್ನು ತೆಗೆದು ಮುಂದಿಟ್ಟೆ. ಮಂಜು ಅದನ್ನು ತಿರುಗಿಸಿ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಟೇಪ್ ತೆಗಿ ಅಕ್ಕ," ಎಂದ ಮೆಲ್ಲಗೆ.

ದೆವ್ವಗಳಿಗೆಂದು ಮಾಡಿದ ನಿಯಮದ ಹಿಂದೆ ನಾನು ಅಡಗಿ ನಿಂತಿದ್ದೆ. ಟೇಪು ತೆಗೆದು ಮೇಜಿನ ಮೇಲಿಟ್ಟೆ. ಬಾಯಲ್ಲಿ ಪಿನ್ನೂ ಇರಲಿಲ್ಲ.

"ಸೆಲ್ವ ಕೊಟ್ಟಿದ್ದ ಕಣೋ. ಕತ್ತರಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನೇ. ತಪ್ಪಾಯ್ತು ಸೆಲ್ವ. ಮಂಜು, ತಪ್ಪಾಯ್ತು."