ಬೀದಿದೀಪಕ್ಕೆ ಟೋಪಿ ಹಾಕಿದವನು

ನನ್ನ ಕೆಲಸದಲ್ಲಿ ಕೆಳಗೆ ಹೇಳುವಂಥದ್ದೊಂದು ನಡೆಯದ ತಿಂಗಳೇ ಇಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಹಳೆಯ ಬೀದಿದೀಪ ಕಿತ್ತು, ಕಡಿಮೆ ಕರೆಂಟು ತಿನ್ನುವ ಎಲ್‌ಇಡಿ ಹಾಕಿಸುವ ಇಂಜಿನಿಯರ್ ನಾನು. ಬೆಳಕು ಆಕಾಶಕ್ಕೂ ಪಕ್ಕದ ಹೊಲಕ್ಕೂ ಸೋರದೆ ರಸ್ತೆಗೆ ಮಾತ್ರ ಬೀಳಲಿ ಎಂದು ಪ್ರತಿ ದೀಪದ ಮೇಲೂ ಒಂದು ಮುಚ್ಚಳ ಕೂರಿಸುತ್ತೇವೆ. ಹಾಗಾಗಿ ನನಗೆ ಬಿದ್ದಿರುವ ಹೆಸರು ಟೋಪಿ ಇಂಜಿನಿಯರ್. ಪಂಚಾಯಿತಿ ಕೆಲಸ ಮಾಡಿಸುವವನಿಗೆ ಅದು ಒಳ್ಳೆಯ ಹೆಸರಲ್ಲ.

೧. ಮಿಣುಕು

ಬೆಟ್ಟದಪುರದ ಕಡೆಯ ಒಂದು ಹಳ್ಳಿ. ಕತ್ತಲಾದಾಗ ತಾನೇ ಹೊತ್ತಿ, ಬೆಳಗಾದಾಗ ತಾನೇ ಆರಲಿ ಎಂದು ದೀಪಗಳಿಗೆ ಸೆನ್ಸರ್ ಹಾಕಿಸಿದ್ದೆ. ಒಂದು ಕಂಬದಲ್ಲಿ ನಮ್ಮವರು ಅದನ್ನು ದೀಪದ ಎದುರಿಗೇ ಕೂರಿಸಿಬಿಟ್ಟಿದ್ದರು. ದೀಪ ಹೊತ್ತುತ್ತಿತ್ತು, ತನ್ನ ಬೆಳಕನ್ನೇ ಕಂಡು ಬೆಳಗಾಯಿತೆಂದು ಆರುತ್ತಿತ್ತು, ಕತ್ತಲಾಯಿತೆಂದು ಮತ್ತೆ ಹೊತ್ತುತ್ತಿತ್ತು. ಸರಿಮಾಡಲು ಹೋದರೆ ಎದುರು ಮನೆಯ ಯಜಮಾನರು ಬಂದು, ಹತ್ತಲು ಬಿಡದೆ ಏಣಿ ಹಿಡಿದುಕೊಂಡರು. ದೀಪ ಮಿಣುಕಲು ಶುರುವಾದ ದಿನವೇ ಅವರ ಹೆಂಡತಿ ತೀರಿಹೋಗಿದ್ದರು.

"ಮುಟ್ಬ್ಯಾಡಿ ಸಾ. ಅದು ನಮ್ಮೋಳು ಕಣ್ರೀ. ತಿಥಿ ಆಗೋಗಂಟ ಬುಡಿ."

ಅವರ ಮುಖ ನೋಡಿ, ಸೆನ್ಸರಿನ ವಿಷಯ ಹೇಳದೆ ಏಣಿ ಹೊತ್ತುಕೊಂಡು ವಾಪಸಾದೆ. ತಿಥಿಯ ಮಾರನೆಯ ದಿನ ಅವರದೇ ಫೋನು.

"ಬಂದು ಸರಿ ಮಾಡ್ಕೊಡಿ ಸಾ. ಒಂದೇ ಸಮ್ನೆ ಮಿಣುಕ್ತಾನೇ ಅವ್ಳೆ. ಬದುಕಿದ್ದಾಗ ಉಣ್ಣೋವಾಗ್ಲಾದ್ರೂ ಸುಮ್ಕಿರ್ತಿದ್ಲು."

೨. ಸೇವಂತಿಗೆ

ಹುಣಸೂರು ತಾಲ್ಲೂಕಿನ ಹೂವಿನ ಬೆಳೆಗಾರನೊಬ್ಬ ಹೊಸ ಬಲ್ಬು ಹಾಕಿದಾಗಲೆಲ್ಲ ಕಲ್ಲು ಹೊಡೆದು ಒಡೆಯುತ್ತಿದ್ದ. ಪೊಲೀಸರವರೆಗೂ ಹೋಯಿತು. ಹೊಲ ನೋಡಿದ ಮೇಲೆ ನನಗೆ ಅರ್ಥವಾಯಿತು. ಸೇವಂತಿಗೆ ಮೊಗ್ಗು ಬಿಡಬೇಕಾದರೆ ಉದ್ದನೆಯ ಕತ್ತಲು ಬೇಕು. ಕಂಬದ ಬೆಳಕು ಬೀಳುವಷ್ಟೂ ಜಾಗದಲ್ಲಿ ಗಿಡಗಳು ಬರೀ ಎಲೆ ಹೊತ್ತು ನಿಂತಿದ್ದವು. ಆತ ಇದನ್ನು ಹೇಳಿದಾಗಲೆಲ್ಲ ಜನ ನಕ್ಕಿದ್ದರಂತೆ.

ಟೋಪಿ ಇರುವ ದೀಪ ಹಾಕಿಸಿದೆ. ಆ ಸಲ ಹೂವು ಬಂತು. ಬಂದು ನೋಡಿ ಎಂದು ಕರೆದ. ಹೋದರೆ ಅವನ ಹೆಂಡತಿ ಬುಟ್ಟಿ ತುಂಬ ಹೂವಿಟ್ಟುಕೊಂಡು ಜಗಲಿಯ ಮೇಲೆ ಮುಖ ಗಂಟು ಹಾಕಿ ಕೂತಿದ್ದಳು.

"ಹೂವೇನೋ ಬುಡುಸುದ್ರಿ ಸಾ. ಅದ್ನ ಕಟ್ಟಾಕೆ ಈ ಜಗ್ಲಿಗೆ ಬೀಳ್ತಿದ್ದ ಒಂದ್ ಬೆಳಕ್ನೂ ಕಿತ್ಕಂಡ್ ಹೋದ್ರಲ್ಲ."

೩. ಸ್ವಿಚ್ಚು

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯಲ್ಲಿ, ಸಂಜೆ ಬಸ್ಸಿಳಿದು ಮನೆಗೆ ನಡೆಯುತ್ತಿದ್ದವನೊಬ್ಬನನ್ನು ಆನೆ ತುಳಿದು ಕೊಂದಿತು. ಆ ದಾರಿಯಲ್ಲಿ ಒಂದೂ ದೀಪ ಇರಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಸಭೆ ಸೇರಿತು. ಊರಿನವರು ಹಗಲಿನಂಥ ಬಿಳಿ ದೀಪ ಕೇಳಿದರು. ಅಂಥ ಬೆಳಕು ಕಾಡಿನ ಜೀವಗಳ ದಾರಿ ತಪ್ಪಿಸುತ್ತದೆ, ಏನಾದರೂ ಅಲುಗಿದಾಗ ಮಾತ್ರ ಹೊತ್ತುವ ಮಂದ ಹಳದಿ ದೀಪ ಹಾಕೋಣ ಎಂದೆ. ಸತ್ತವನ ಅಕ್ಕ ಎದ್ದು ನಿಂತರು.

"ಆನೆಗೆ ಏನೇನ್ ತೊಂದ್ರೆ ಆಗ್ಬಾರ್ದು ಅಂತ ಬರ್ಕಂಡ್ ಬಂದಿದ್ದೀರಿ. ನಮ್ಗೆ ಏನಾಗ್ಬಾರ್ದು ಅಂತ ಬರ್ಕಂಡಿದ್ದೀರಾ?"

ಬರೆದುಕೊಂಡಿರಲಿಲ್ಲ. ಅಲ್ಲೇ ಕೂತು ಬರೆದುಕೊಂಡೆ. ದಾರಿಯುದ್ದಕ್ಕೂ ಅಲುಗಿದರೆ ಹೊತ್ತುವ ದೀಪಗಳೇ ಬಂದವು. ದೂರದಲ್ಲಿ ದೀಪ ಹೊತ್ತಿದರೆ ಅಲ್ಲಿ ಆನೆ ಇರಬಹುದು, ಬಸ್ಸಿಳಿದವರು ಇದ್ದಲ್ಲೇ ನಿಲ್ಲಬೇಕು, ಅದು ಆರಿದ ಮೇಲೆ ನಡೆಯಬೇಕು ಎಂದು ಹೇಳಿಕೊಟ್ಟೆ. ಆಮೇಲೆ ಅಲ್ಲಿ ಯಾರೂ ಸಾಯಲಿಲ್ಲ. ಒಂದು ದಿನ ಆ ಅಕ್ಕನೇ ಫೋನ್ ಮಾಡಿದರು.

"ದೀಪ ಸಂದಾಗೈತೆ. ಆದ್ರೆ ಆ ಆನೆ ಅದ್ರ ಕೆಳ್ಗೆ ನಿಂತ್ಕಂಡು, ಆರೋಗಂಟ ಕಾಯ್ತದೆ. ಆರ್ತಿದ್ದಂಗೆ ಸೊಂಡ್ಲು ಆಡ್ಸಿ ಮತ್ತೆ ಹೊತ್ತುಸ್ತದೆ. ನಾವ್ ಬಸ್‌ಸ್ಟಾಪಲ್ಲೇ ನಿಂತಿರ್ತೀವಿ. ನಿಮ್ ದೀಪ ಹೊತ್ತುಸೋದ್ನ ಈ ಊರಲ್ಲಿ ಸರ್ಯಾಗಿ ಕಲ್ತಿರೋದು ಅದೊಂದೇಯ."

೪. ಎಲ್ಲರೂ ಒಪ್ಪಿದ ಜಾಗ

ಕೆ.ಆರ್. ನಗರದ ಕಡೆಯ ಒಂದು ಹಳ್ಳಿಗೆ ದೊಡ್ಡ ಸೋಲಾರ್ ದೀಪವೊಂದು ಮಂಜೂರಾಗಿತ್ತು. ನಾಲೆಯ ಸೇತುವೆ ತಿರುವಿನಲ್ಲಿ ಹಾಕಿ ಎಂದು ಮುದುಕರೊಬ್ಬರು ಅರ್ಜಿ ಕೊಟ್ಟಿದ್ದರು. ಅವರ ತಮ್ಮ ಕತ್ತಲಲ್ಲಿ ಸೈಕಲ್ ಸಮೇತ ಅಲ್ಲೇ ಬಿದ್ದು ಸತ್ತಿದ್ದ. ಜಾಗ ನೋಡಿ ನಾನೂ ಅದೇ ಸರಿ ಎಂದು ಬರೆದುಕೊಟ್ಟೆ. ಆದರೆ ಆ ಸೇತುವೆ ಊರಿನ ಮೇಲಿನ ಬೀದಿಯವರಿಗೆ ಹತ್ತಿರ ಎಂದು, ಕಂಬಕ್ಕೆ ತೋಡಿದ್ದ ಗುಂಡಿಯನ್ನು ಕೆಳಗಿನ ಬೀದಿಯವರು ಮುಚ್ಚಿದರು. ಕೆಳಗಿನ ಬೀದಿಯಲ್ಲಿ ತೋಡಿದರೆ ಮೇಲಿನ ಬೀದಿಯವರು ಬಂದು ಮುಚ್ಚಿದರು. ಮೂರು ಸಭೆ ನಡೆದ ಮೇಲೆ ಎರಡೂ ಕಡೆಯವರು ಒಪ್ಪಿದ ಜಾಗ ಒಂದೇ, ಸ್ಮಶಾನ. ಬೇಡವೆಂದು ನಾನು ಮತ್ತೆ ಬರೆದೆ. ಯಾರೂ ಕೇಳಲಿಲ್ಲ, ಕಂಬ ಅಲ್ಲೇ ನಿಂತಿತು.

ಮಳೆಗಾಲ ಕಳೆದ ಮೇಲೆ ಬ್ಯಾಟರಿ ನೋಡೋಣವೆಂದು ಒಂದು ಸಂಜೆ ಹೋದೆ. ಸ್ಮಶಾನದಲ್ಲಿ ಜನ ಸೇರಿದ್ದರು. ಯಾರೋ ಹೋಗಿರಬೇಕೆಂದು ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ಹತ್ತಿರ ಹೋದೆ. ನೋಡಿದರೆ ಇಬ್ಬರು ಚೌಕಾಬಾರ ಆಡುತ್ತಿದ್ದರು, ಒಬ್ಬರು ಪೇಪರ್ ಓದುತ್ತಿದ್ದರು. ಅರ್ಜಿ ಕೊಟ್ಟಿದ್ದ ಮುದುಕರು ತಮ್ಮನ ಸಮಾಧಿ ಕಟ್ಟೆಗೆ ಒರಗಿಕೊಂಡು ಬೀಡಿ ಸೇದುತ್ತಿದ್ದರು. ಅವರಿಗೆ ಮುಖ ತೋರಿಸಲು ನನಗೇ ನಾಚಿಕೆ.

"ಇಲ್ಲಿ ಯಾಕೆ ಕೂತಿದ್ದೀರಿ ಯಜಮಾನ್ರೇ?" ಎಂದೆ.

ಅವರು ಸ್ವಲ್ಪ ಸರಿದು ನನಗೂ ಜಾಗ ಮಾಡಿಕೊಟ್ಟರು.

"ಬೀದೀಲೂ ಕತ್ಲು, ಸೇತ್ವೆ ತಾವೂ ಕತ್ಲು. ಎಂಗಿದ್ರೂ ಅಲ್ಲಿ ಬಿದ್ದು ಇಲ್ಲಿಗೇ ತಾನೆ ಬರ್ಬೇಕು. ಬೀಳೋದೊಂದ್ ಯಾಕೆ ಅಂತ ನಡ್ಕಂಡೇ ಬಂದ್ಬುಟ್ವಿ ಕಣಪ್ಪ."